ಅದಿರಿಗೆಂದು ಹುಟ್ಟಿ ಎಣ್ಣೆಗೆ ದುಡಿದ ವಿದ್ಯೆ



ನೆಲದೊಳಕ್ಕೆ ಕಂಪನ ಕಳಿಸಿ, ಮರಳಿ ಬರುವ ಪ್ರತಿಧ್ವನಿಯಿಂದ ಆಳದ ಬಂಡೆಗಳ ಚಿತ್ರ ಬರೆಯುವುದು ಎಂದರೆ ಎಣ್ಣೆ ಕಂಪನಿಗಳ ಕೆಲಸವೆಂದೇ ಬಹಳ ಜನರ ತಿಳಿವಳಿಕೆ. ಆದರೆ ಈ ವಿಧಾನಕ್ಕೆ ಸಿಕ್ಕ ಆರಂಭದ ಪೇಟೆಂಟುಗಳಲ್ಲೊಂದು, 1917ರ ಅಮೆರಿಕದ ಪೇಟೆಂಟು, ಅದಿರು ಹುಡುಕುವುದಕ್ಕೆಂದೇ ಇತ್ತು. ಪಡೆದವರು ಕೆನಡಾ ಮೂಲದ ರೆಜಿನಾಲ್ಡ್ ಫೆಸೆಂಡೆನ್. ರೇಡಿಯೋದವರಾದ ನಾವು ಇವರಿಗೆ ಒಂದು ನಮಸ್ಕಾರ ಹೇಳಬೇಕು: 1900ರ ಡಿಸೆಂಬರಿನಲ್ಲಿ ಮನುಷ್ಯನ ಮಾತನ್ನು ತಂತಿಯಿಲ್ಲದೆ ಸುಮಾರು ಒಂದು ಮೈಲಿ ದಾಟಿಸಿದವರೂ ಇವರೇ. ಟೈಟಾನಿಕ್ ಮುಳುಗಿದ ಮೇಲೆ, 1914ರಲ್ಲಿ, ಸಮುದ್ರದಲ್ಲಿ ಶಬ್ದ ಬಿಟ್ಟು ಹಿಮಬಂಡೆಯ ಪ್ರತಿಧ್ವನಿಯನ್ನು ಹಿಡಿದರು. ನೀರಿನಲ್ಲಿ ಆದದ್ದು ನೆಲದಲ್ಲೂ ಆಗಬಹುದೆಂದು ಅವರು ಲೆಕ್ಕ ಹಾಕಿದರು.

ಲೆಕ್ಕ ಸರಿಯಿತ್ತು, ಲಾಭ ಮಾತ್ರ ಬೇರೆಯವರಿಗಾಯಿತು. 1921ರ ಬೇಸಿಗೆಯಲ್ಲಿ ಭೂಭೌತ ವಿಜ್ಞಾನಿ ಜೆ. ಸಿ. ಕಾರ್ಚರ್ ಮತ್ತವರ ಸಂಗಡಿಗರು ಎಣ್ಣೆ ಹುಡುಕುವ ದಾರಿಯಾಗಿ ಅಮೆರಿಕದ ಒಕ್ಲಹೋಮಾದಲ್ಲಿ ಡೈನಮೈಟ್ ಸಿಡಿಸಿ ಸುಣ್ಣಕಲ್ಲಿನ ಪದರದ ಪ್ರತಿಫಲನವನ್ನು ದಾಖಲಿಸಿದರು. ಎಣ್ಣೆ ಇರುವುದು ಹಾಸು ಹಾಸಾಗಿ ಕೂತ ಕಣಶಿಲೆಗಳಲ್ಲಿ. ಅಲ್ಲಿ ಪ್ರತಿಧ್ವನಿ ಶಿಸ್ತಾಗಿ ಬರುತ್ತದೆ. ಅದಿರಿನ ಬಂಡೆಗಳು ಹಾಗಲ್ಲ: ಮಡಿಚಿದ, ಮುರಿದ, ಕಡಿದಾಗಿ ವಾಲಿದ ಗಟ್ಟಿ ಶಿಲೆಗಳು. ಕಂಪನ ಅಲ್ಲಿ ಚದುರಿಹೋಗುತ್ತದೆ. ಸುಮಾರು ಆರು ದಶಕ ಗಣಿಯವರು ಇದರತ್ತ ಹೆಚ್ಚು ತಲೆಹಾಕದಿದ್ದುದಕ್ಕೆ ಅವರನ್ನು ದೂರುವಂತಿಲ್ಲ.

ಈ ನಡುವೆ ಸಲಕರಣೆ ಬದಲಾಯಿತು. ಡೈನಮೈಟಿನ ಜಾಗಕ್ಕೆ 1950ರ ದಶಕದಲ್ಲಿ ಕಂಪಕ ಲಾರಿಗಳ ವಿದ್ಯೆ ಬಂತು. ಲಾರಿ ತನ್ನ ಹೊಟ್ಟೆಯಡಿಯ ಉಕ್ಕಿನ ಹಲಗೆಯನ್ನು ನೆಲಕ್ಕೊತ್ತಿ, ಮೆಲ್ಲನೆಯ ಗುಡುಗಿನಿಂದ ಶುರುಮಾಡಿ ಸ್ವರ ಏರಿಸುತ್ತಾ ಕೆಲವು ಸೆಕೆಂಡು ನಡುಗಿಸುತ್ತದೆ. ದೂರದವರೆಗೂ ಸಾಲಾಗಿ ನೆಟ್ಟ ಜಿಯೋಫೋನುಗಳೊಳಗೆ ಒಂದು ಅಯಸ್ಕಾಂತ, ಸ್ಪ್ರಿಂಗಿಗೆ ತೂಗುಬಿಟ್ಟ ಒಂದು ತಂತಿಸುರುಳಿ. ನೆಲ ಕೂದಲೆಳೆಯಷ್ಟು ಅದುರಿದರೂ ಅದರಲ್ಲಿ ವಿದ್ಯುತ್ ಮಿಡಿಯುತ್ತದೆ. ಪಕ್ಕದಲ್ಲಿ ಯಾರೋ ನಡೆದರೆ, ಗಾಳಿಗೆ ಗಿಡ ಅಲುಗಿದರೆ, ಅದೂ ದಾಖಲಾಗುತ್ತದೆ! ಒಂದೇ ಬಿಂದುವಿನ ಹಲವು ಪ್ರತಿಧ್ವನಿಗಳನ್ನು ಒಟ್ಟುಗೂಡಿಸಿ ಇಂಥ ಗದ್ದಲ ತಗ್ಗಿಸುವುದನ್ನು ಕಂಪ್ಯೂಟರುಗಳು ಸುಲಭ ಮಾಡಿದವು.

1980ರ ದಶಕದಲ್ಲಿ ದಕ್ಷಿಣ ಆಫ್ರಿಕದ ವಿಟ್‌ವಾಟರ್ಸ್‌ರ್ಯಾಂಡ್ ಚಿನ್ನದ ಸೀಮೆ ಈ ವಿದ್ಯೆಯನ್ನು ಗಣಿಗೆ ಮರಳಿ ತಂದಿತು. ಅಲ್ಲಿನ ಚಿನ್ನದ ಪದರ ಅನೇಕ ಕಡೆ ಒಂದು ಮೀಟರಿನಷ್ಟೂ ದಪ್ಪವಿಲ್ಲ. ಸೆಕೆಂಡಿಗೆ 6,000 ಮೀಟರ್ ಓಡುವ 60 ಹರ್ಟ್ಸ್ ಅಲೆಯ ಉದ್ದವೇ 100 ಮೀಟರ್. ಅದಕ್ಕೆ ಇಷ್ಟು ತೆಳುವಾದ ಪದರ ಬೇರೆಯಾಗಿ ಕಾಣುವುದೆಲ್ಲಿಂದ? ಕಂಡದ್ದು ಚಿನ್ನವಲ್ಲ, ಗಡಿ. ವೆಂಟರ್ಸ್‌ಡಾರ್ಪ್ ಎಂಬ ಚಿನ್ನದ ಪದರದ ಮೇಲೆ ಭಾರವಾದ ಲಾವಾಶಿಲೆ, ಕೆಳಗೆ ಹಗುರವಾದ ಕ್ವಾರ್ಟ್‌ಜೈಟ್. ಸಾಂದ್ರತೆ, ವೇಗ ಎರಡೂ ಬದಲಾಗುವ ಆ ಗಡಿಯಿಂದ ಅಲೆ ಮರಳುತ್ತದೆ. ಗಡಿ ಎಲ್ಲಿ ತುಂಡಾಗಿ ಜರುಗಿದೆ ಎಂದು ಸುರಂಗ ತೋಡುವ ಮೊದಲೇ ತಿಳಿಯಿತು. ನನ್ನ ಮಟ್ಟಿಗೆ ಈ ವಿಧಾನದ ನಿಜವಾದ ಬೆಲೆ ಇರುವುದು ಇಲ್ಲೇ.

ಇದಕ್ಕೂ ಮೊದಲೇ, 1970ರ ದಶಕದಲ್ಲಿ, ನಮ್ಮ ದೇಶದಲ್ಲೂ ಹೈದರಾಬಾದಿನ ರಾಷ್ಟ್ರೀಯ ಭೂಭೌತ ಸಂಶೋಧನಾ ಸಂಸ್ಥೆ ಸೋವಿಯತ್ ನೆರವಿನೊಂದಿಗೆ ಕಾವಲಿಯಿಂದ ಉಡುಪಿಯವರೆಗೆ ಕಂಪನ ಸಮೀಕ್ಷೆ ನಡೆಸಿತು. ಅದರ ಗುರಿ ಭೂಚಿಪ್ಪಿನ ರಚನೆ, ಅದಿರಲ್ಲ.

ಅದಿರಿನ ಹುಡುಕಾಟಕ್ಕೆ ಮರಳಿದರೆ, 1990ರ ದಶಕದಲ್ಲಿ ಕೆನಡಾದವರು ಸಲ್ಫೈಡ್ ಅದಿರಿನ ಬೆನ್ನುಹತ್ತಿದರು. ಪೈರೈಟ್ ಎಂಬ ಸಲ್ಫೈಡ್ ಖನಿಜದ ಸಾಂದ್ರತೆ ಘನ ಸೆಂಟಿಮೀಟರಿಗೆ ಸುಮಾರು 5 ಗ್ರಾಂ, ಗ್ರಾನೈಟಿನದು 2.7ರ ಆಸುಪಾಸು. ಪ್ರತಿಧ್ವನಿ ಜೋರಾಗಿಯೇ ಬರಬೇಕು, ಬರುತ್ತದೆ ಕೂಡ. ತೊಡಕೇನೆಂದರೆ ನಡುವೆ ನುಗ್ಗಿದ ಡಾಲರೈಟ್ ಶಿಲೆಯ ಹಾಸು ಕೂಡ ಜೋರಾಗಿಯೇ ದನಿಗೊಡುತ್ತದೆ. ಯಾವುದು ಯಾವುದೆಂದು ತಿಳಿಯಲು ಈಗಲೂ ಡ್ರಿಲ್ಲಿಂಗ್ ಮಾಡಿ ಕಲ್ಲಿನ ಕೋರ್ ಮೇಲಕ್ಕೆತ್ತಿ ನೋಡುತ್ತಾರೆ.