ಕೇಸಿನಲ್ಲಿರುವವನು ಪೇಪರಿನವರ ಮುಂದೆ ಯಾಕೆ ಬಾಯಿ ಬಿಡುವುದಿಲ್ಲ?

(ಭೀಮನಬೀಡಿನಲ್ಲಿ ವಿದ್ಯಾರ್ಥಿಗಳ, ಹಾಸ್ಟೆಲ್ ಯುವಕರ ಸಭೆಯಲ್ಲಿ ಆಡಿದ ಮಾತು)



ನಮ್ಮ ಹುಡುಗರ ಮೇಲೆ ಕೇಸಾದರೆ ಅವರು ಪೇಪರಿನವರನ್ನು ಕಂಡು ಮುಖ ತಿರುಗಿಸಿಕೊಂಡು ಹೋಗುತ್ತಾರೆ. ಆಗ ಹಾಸ್ಟೆಲಿನಲ್ಲೇ ಮಾತು ಹುಟ್ಟುತ್ತದೆ: 'ತಪ್ಪು ಮಾಡಿಲ್ಲ ಅಂದ್ಮೇಲೆ ಯಾಕ್ ಹೆದರ್ಬೇಕು? ಧೈರ್ಯವಾಗಿ ಹೇಳ್ಬುಡ್ಲಿ.' ತಲೆಮಾರುಗಳಿಂದ ಬಾಯಿ ಕಟ್ಟಿಸಿಕೊಂಡು ಬಂದ ನಮಗೆ ಸುಮ್ಮನಿರುವುದೇ ಸೋಲು ಅನ್ನಿಸುತ್ತದೆ. ಆದರೆ ಈ ಮೌನ ಬೇರೆ ಕಣ್ರಪ್ಪ.

ಕೇರಿಯ ಮೇಲೆ ಹಲ್ಲೆಯಾಯಿತೆಂದು ನಾವು ದೂರು ಕೊಡುತ್ತೇವೆ. ಕತ್ತಲಾಗುವುದರೊಳಗೆ ಅತ್ತಲಿಂದಲೂ ಒಂದು ದೂರು ಬೀಳುತ್ತದೆ. ಏಟು ತಿಂದವನೇ ಆರೋಪಿ. ಸ್ಟೇಷನ್ ಮುಂದೆ ಮೈಕು ಹಿಡಿದವರು 'ನೀವೂ ಹೊಡೆದ್ರಾ?' ಅನ್ನುತ್ತಾರೆ. ಹುಡುಗ ಸಿಟ್ಟಿನಲ್ಲಿ, 'ನಾವೇನು ಕೈ ಕಟ್ಕೊಂಡು ನಿಂತಿದ್ವಾ?' ಅನ್ನುತ್ತಾನೆ. ಮುಗಿಯಿತು. ಜಾಗದಲ್ಲಿದ್ದೆ, ಕೈ ಎತ್ತಿದೆ ಅಂತ ಎರಡನ್ನೂ ತಾನೇ ಒಪ್ಪಿಕೊಂಡಂತಾಯಿತು.

ಪೊಲೀಸರ ಮುಂದೆ ಮಾಡಿದ ತಪ್ಪೊಪ್ಪಿಗೆಯನ್ನು ಕೋರ್ಟಿನಲ್ಲಿ ಆರೋಪಿಯ ಮೇಲೆ ಸಾಬೀತು ಮಾಡುವಂತಿಲ್ಲ. 1872ರ ಸಾಕ್ಷ್ಯ ಕಾಯಿದೆಯ 25ನೇ ಕಲಮು ಹೇಳಿದ್ದು ಅದನ್ನೇ. 2024ರ ಜುಲೈ 1ರಿಂದ ಜಾರಿಗೆ ಬಂದ ಸಾಕ್ಷ್ಯ ಅಧಿನಿಯಮದ 23ನೇ ಕಲಮೂ ಅದನ್ನೇ ಹೇಳುತ್ತದೆ. ಬಂಧನವಾಗದೆ ಹೊರಗಿರುವವನು ವರದಿಗಾರನ ಮುಂದೆ ಒಪ್ಪಿಕೊಂಡ ಮಾತಿಗೆ ಈ ರಕ್ಷಣೆ ಇಲ್ಲ. ಲಾಠಿಗೂ ಹೊರಡದ ಮಾತನ್ನು ಮೈಕು ಪುಕ್ಕಟೆಯಾಗಿ ಹೊರಡಿಸಿಬಿಡುತ್ತದೆ! ಅದು ದುರ್ಬಲ ಸಾಕ್ಷ್ಯವೆಂದು ಕೋರ್ಟುಗಳು ಹೇಳಿರುವುದು ನಿಜ. ಆದರೂ ಮುಂದೆ ಕಟಕಟೆಯಲ್ಲಿ ಒಂದು ಮಾತು ಹೆಚ್ಚುಕಮ್ಮಿಯಾದರೆ, ಎದುರು ವಕೀಲ ಆ ವಿಡಿಯೋ ಹಿಡಿದುಕೊಂಡೇ ಪಾಟೀಸವಾಲಿಗೆ ನಿಲ್ಲುತ್ತಾನೆ.

ಯಾರನ್ನೂ ತನ್ನ ಮೇಲೆ ತಾನೇ ಸಾಕ್ಷಿ ಹೇಳುವಂತೆ ಬಲವಂತ ಮಾಡಬಾರದೆಂದು ಸಂವಿಧಾನದ 20(3)ನೇ ವಿಧಿ ಹೇಳುತ್ತದೆ. ಬಾಬಾಸಾಹೇಬರ ಕರಡು ಸಮಿತಿಯ ಕೈದಾಟಿ ಬಂದದ್ದು ಅದು. ನಮ್ಮ ಬೆಂಗಳೂರಿನಲ್ಲಿ ಏನಾಯಿತು ನೋಡಿ. ನಕಲಿ ಛಾಪಾ ಕಾಗದದ ತೆಲಗಿಗೆ ಮದ್ದು ಕೊಟ್ಟು ಮಂಪರು ಪರೀಕ್ಷೆ ಮಾಡಿದರು; 2006ರಲ್ಲಿ ಅದರ ದೃಶ್ಯ ಟಿ.ವಿ.ಗಳಲ್ಲಿ ಬಂತು. ತೆಲಗಿ ಸಾಚಾ ಅಂತ ನಾವು ಹೇಳುತ್ತಿಲ್ಲ. ಮತ್ತಿನಲ್ಲಿ ತೊದಲಿದ್ದು ಊರಿಗೆಲ್ಲ ತಮಾಷೆಯಾಯಿತಲ್ಲ, ಅದು ಪ್ರಶ್ನೆ. ಸೆಲ್ವಿ ಮತ್ತು ಕರ್ನಾಟಕ ರಾಜ್ಯದ ಮೊಕದ್ದಮೆಯಲ್ಲಿ 2010ರಲ್ಲಿ ಸುಪ್ರೀಂ ಕೋರ್ಟು, ಒಪ್ಪಿಗೆಯಿಲ್ಲದೆ ಇಂಥ ಪರೀಕ್ಷೆ ಮಾಡುವಂತಿಲ್ಲ ಎಂದಿತು.

ಹಾಗಾದರೆ ಪೇಪರೇ ಬೇಡವೆ? ಬೇಕು. ಆರೋಪಿ ಸುಮ್ಮನಿದ್ದಾಗ ಮಾರನೆ ದಿನ ಅಚ್ಚಾಗುವುದು 'ಪೊಲೀಸ್ ಮೂಲಗಳ' ಮಾತು ಮಾತ್ರ. ಆದರೆ ಪೇಪರಿನಿಂದಲೇ ನ್ಯಾಯ ಸಿಕ್ಕೀತೆಂದು ನಂಬಿದರೆ ಕಂಬಾಲಪಲ್ಲಿ ನೆನಪಿರಲಿ. 2000ದ ಮಾರ್ಚ್ 11ರಂದು ಏಳು ಮಂದಿ ದಲಿತರನ್ನು ಸುಟ್ಟರು. ಪತ್ರಿಕೆಗಳು ಪುಟಗಟ್ಟಲೆ ಬರೆದವು. ಕೋರ್ಟಿನಲ್ಲಿ ಸಾಕ್ಷಿಗಳು ತಿರುಗಿದರು. 2006ರಲ್ಲಿ ಆರೋಪಿಗಳೆಲ್ಲ ಬಿಡುಗಡೆಯಾದರು. 2014ರಲ್ಲಿ ಹೈಕೋರ್ಟೂ ಅದನ್ನೇ ಎತ್ತಿಹಿಡಿಯಿತು. ಸಾಕ್ಷಿಯನ್ನು ಕೊನೆತನಕ ಕಾಯುವ ಕೆಲಸ ಯಾವ ಪೇಪರೂ ಮಾಡಿಕೊಡುವುದಿಲ್ಲ.

ಆದ್ದರಿಂದ ಕೇಸಿನಲ್ಲಿರುವವನು ಮಾತಾಡುವುದು ಬೇಡ, ಸಂಘ ಮಾತಾಡಲಿ. ಅದೂ ದೂರಿನಲ್ಲಿ ಬರೆದಿರುವಷ್ಟೇ. ಒಂದಕ್ಕೆ ಎರಡು ಸೇರಿಸುವುದು ಬೇಡ. ಮೊಬೈಲಿನಲ್ಲಿ ಗೆಳೆಯನಿಗೆಂದು ಹೇಳಿ ಕಳಿಸಿದ್ದೂ ಮಾತೇ, ಅದೂ ಹೊರಗೆ ಬರುತ್ತದೆ. ವಕೀಲರಿಗೆ ದುಡ್ಡೆಲ್ಲಿ ಅನ್ನುತ್ತೀರಿ. 1987ರ ಕಾನೂನು ಸೇವೆಗಳ ಪ್ರಾಧಿಕಾರ ಕಾಯಿದೆಯ 12ನೇ ಕಲಮಿನಂತೆ ಪರಿಶಿಷ್ಟ ಜಾತಿ, ಪಂಗಡದವರಿಗೆ ವರಮಾನ ಎಷ್ಟೇ ಇರಲಿ, ಪುಕ್ಕಟೆ ವಕೀಲರನ್ನು ಕೊಡಬೇಕು. ಗುಂಡ್ಲುಪೇಟೆ ಕೋರ್ಟಿಗೆ ಹೋಗಿ ತಾಲ್ಲೂಕು ಕಾನೂನು ಸೇವಾ ಸಮಿತಿಯಲ್ಲಿ ಅರ್ಜಿ ಹಾಕಿ. ಜಾತಿ ಸರ್ಟಿಫಿಕೇಟು, ಎಫ್‌ಐಆರ್ ನಕಲು ಜೊತೆಗಿರಲಿ.