ಚೀನಾದ ಆರ್ಥಿಕ ಏಳಿಗೆ: ಒಂದು ಪ್ರಯೋಗದ ಕಥೆ



ರಸಾಯನಶಾಸ್ತ್ರದ ಪ್ರಯೋಗಾಲಯದಲ್ಲಿ ಹೊಸ ಕ್ರಿಯೆಯೊಂದನ್ನು ಮಾಡಿ ನೋಡುವಾಗ ಅಧ್ಯಾಪಕರು ಒಂದು ಎಚ್ಚರಿಕೆಯನ್ನು ತಪ್ಪದೆ ಕೊಡುತ್ತಾರೆ. ಮೊದಲು ಪ್ರನಾಳದಲ್ಲಿ ಕೆಲವು ಹನಿ ಹಾಕಿ ನೋಡಿ, ಫಲಿತಾಂಶವನ್ನು ಇದ್ದದ್ದು ಇದ್ದಂತೆ ಬರೆದಿಡಿ, ಆಮೇಲೆ ಪ್ರಮಾಣವನ್ನು ಹೆಚ್ಚಿಸಿ ಎನ್ನುತ್ತಾರೆ. ಪ್ರಯೋಗ ಕೈಕೊಟ್ಟರೂ ಆಗ ನಷ್ಟ ಸಣ್ಣದು. ಈ ನಿಯಮ ಕೋಟ್ಯಂತರ ಜನರಿರುವ ದೇಶದ ಆರ್ಥಿಕ ವ್ಯವಸ್ಥೆಗೂ ಅನ್ವಯಿಸುತ್ತದೆಯೇ? ನಮ್ಮ ನೆರೆಯ ಚೀನಾದ ಇತಿಹಾಸ ಈ ಪ್ರಶ್ನೆಗೆ ಸ್ವಾರಸ್ಯವಾದ ಉತ್ತರವನ್ನು ಕೊಡುತ್ತದೆ.

ಚೀನಾ ಬಡ ದೇಶವಾಗಿಯೇ ಹುಟ್ಟಿದ್ದಲ್ಲ. ಆರ್ಥಿಕ ಇತಿಹಾಸಕಾರ ಆಂಗಸ್ ಮ್ಯಾಡಿಸನ್ ಅವರ ಅಂದಾಜಿನಂತೆ 1820ರ ಸುಮಾರಿಗೆ ಜಗತ್ತಿನ ಒಟ್ಟು ಉತ್ಪಾದನೆಯ ಮೂರನೇ ಒಂದು ಪಾಲು ಚೀನಾದ್ದೇ ಆಗಿತ್ತು. ಆನಂತರ ಅಫೀಮು ಯುದ್ಧಗಳು, ಒಳಜಗಳಗಳು ಮತ್ತು ಜಪಾನಿನ ಆಕ್ರಮಣ ಆ ದೇಶವನ್ನು ಹಣ್ಣುಮಾಡಿದವು. 1949ರಲ್ಲಿ ಕಮ್ಯುನಿಸ್ಟ್ ಪಕ್ಷ ಅಧಿಕಾರಕ್ಕೆ ಬಂದಾಗ ಅಲ್ಲಿನ ಬಹುಪಾಲು ಜನ ಕಡುಬಡವರಾಗಿದ್ದರು.

ಬಡತನದಿಂದ ಬೇಗ ಪಾರಾಗಬೇಕೆಂಬ ಆತುರದಲ್ಲಿ ಮಾವೋ ಜೆಡಾಂಗ್ 1958ರಲ್ಲಿ ‘ಮಹಾ ಜಿಗಿತ’ ಎಂಬ ಕಾರ್ಯಕ್ರಮವನ್ನು ಆರಂಭಿಸಿದರು. ಕೆಲವೇ ತಿಂಗಳುಗಳಲ್ಲಿ ದೇಶದ ರೈತರೆಲ್ಲ ಬೃಹತ್ ಕಮ್ಯೂನುಗಳಿಗೆ ಸೇರಬೇಕಾಯಿತು. ಹಿತ್ತಲುಗಳಲ್ಲಿ ಕುಲುಮೆ ಹೂಡಿ ಉಕ್ಕು ತಯಾರಿಸಲು ಹೊರಟರು. ಕೈಗೆ ಬಂದದ್ದು ಬಹುಮಟ್ಟಿಗೆ ಉಪಯೋಗಕ್ಕೆ ಬಾರದ ಕಬ್ಬಿಣ. ಮೇಲಿನವರನ್ನು ಮೆಚ್ಚಿಸಲು ಕೆಳಗಿನ ಅಧಿಕಾರಿಗಳು ಬೆಳೆಯ ಇಳುವರಿಯನ್ನು ಹಲವು ಪಟ್ಟು ಹೆಚ್ಚಿಸಿ ವರದಿ ಮಾಡಿದರು. ಆ ಸುಳ್ಳು ಲೆಕ್ಕದ ಆಧಾರದ ಮೇಲೆ ಸರ್ಕಾರ ಹಳ್ಳಿಗಳಿಂದ ಧಾನ್ಯವನ್ನು ಎತ್ತಿಕೊಂಡಿತು. ಪರಿಣಾಮವಾಗಿ ಬಂದ ಕ್ಷಾಮದಲ್ಲಿ ಕೋಟಿಗಟ್ಟಲೆ ಜನ ಸತ್ತರು. ಹಸಿವಿನ ಸುದ್ದಿಯನ್ನು ಪ್ರಕಟಿಸುವ ಸ್ವತಂತ್ರ ಪತ್ರಿಕೆಗಳಾಗಲಿ, ಪ್ರಶ್ನಿಸುವ ವಿರೋಧ ಪಕ್ಷವಾಗಲಿ ಇಲ್ಲದೆ ಹೋದದ್ದೇ ಅನಾಹುತ ಇಷ್ಟು ಬೆಳೆಯಲು ಕಾರಣವೆಂದು ಅಮರ್ತ್ಯ ಸೇನ್ ವಿವರಿಸಿದ್ದಾರೆ. ಪ್ರಯೋಗಾಲಯದ ಭಾಷೆಯಲ್ಲಿ ಹೇಳುವುದಾದರೆ, ಪ್ರನಾಳವನ್ನು ಬಿಟ್ಟು ಇಡೀ ದೇಶದ ಮೇಲೆ ಒಮ್ಮೆಗೇ ಪ್ರಯೋಗ ನಡೆಯಿತು. ಫಲಿತಾಂಶದ ಪುಸ್ತಕದಲ್ಲಿ ಸುಳ್ಳು ಅಂಕಿಗಳನ್ನು ಬರೆಯಲಾಯಿತು.

ಇನ್ನು ಇಪ್ಪತ್ತು ವರ್ಷ ಮುಂದೆ ಬರೋಣ. 1976ರಲ್ಲಿ ಮಾವೋ ತೀರಿಕೊಂಡಿದ್ದರು. ಕ್ಷಾಮದಲ್ಲಿ ಬಹಳ ನೊಂದಿದ್ದ ಆನ್‌ಹುಯಿ ಪ್ರಾಂತದಲ್ಲಿ ಶಿಯಾವ್‌ಗಾಂಗ್ ಎಂಬ ಪುಟ್ಟ ಹಳ್ಳಿಯಿದೆ. 1978ರ ಚಳಿಗಾಲದಲ್ಲಿ ಅಲ್ಲಿನ 18 ಮಂದಿ ರೈತರು ಗುಟ್ಟಾಗಿ ಸೇರಿ ಒಂದು ಒಪ್ಪಂದ ಮಾಡಿಕೊಂಡರು. ಸಾಮೂಹಿಕ ಭೂಮಿಯನ್ನು ಕುಟುಂಬಗಳಿಗೆ ಹಂಚಿಕೊಳ್ಳುವುದು, ಸರ್ಕಾರದ ಪಾಲನ್ನು ಸಲ್ಲಿಸಿ ಮಿಕ್ಕಿದ್ದನ್ನು ಬೆಳೆದವರೇ ಇಟ್ಟುಕೊಳ್ಳುವುದು, ಇದು ಅದರ ತಿರುಳು. ಯಾರಾದರೂ ಸೆರೆಮನೆ ಸೇರಿದರೆ ಅವರ ಮಕ್ಕಳನ್ನು ಉಳಿದವರು 18 ವರ್ಷದವರೆಗೆ ಸಾಕಬೇಕೆಂಬ ಮಾತೂ ಆಗಿತ್ತು. ಅಂದಿನ ಕಾನೂನಿನ ಪ್ರಕಾರ ಅವರು ಮಾಡಿದ್ದು ಅಪರಾಧ. ಆದರೆ ಮರುವರ್ಷ ಆ ಹಳ್ಳಿಯ ಬೆಳೆ ಹಲವು ಪಟ್ಟು ಹೆಚ್ಚಿತು.

ಪ್ರಾಂತದ ಪಕ್ಷದ ಮುಖ್ಯಸ್ಥರಾಗಿದ್ದ ವಾನ್ ಲಿ ಇಂಥ ಹಳ್ಳಿಗಳನ್ನು ದಂಡಿಸಲಿಲ್ಲ, ನಡೆಯಲು ಬಿಟ್ಟರು. ಬೀಜಿಂಗ್‌ನಲ್ಲಿ ಡೆಂಗ್ ಶಿಯಾವ್‌ಪಿಂಗ್ ಬೆಂಬಲಿಸಿದರು. ಒಂದು ಪ್ರಾಂತದಿಂದ ಮತ್ತೊಂದಕ್ಕೆ ಹಬ್ಬಿದ ಈ ಪದ್ಧತಿ ಕೆಲವೇ ವರ್ಷಗಳಲ್ಲಿ ದೇಶವ್ಯಾಪಿಯಾಯಿತು, ಕಮ್ಯೂನುಗಳು ಇಲ್ಲವಾದವು.

ಕೈಗಾರಿಕೆಯಲ್ಲಿಯೂ ಇದೇ ಜಾಡು. 1980ರಲ್ಲಿ ಶೆನ್‌ಜೆನ್, ಜುಹಾಯ್, ಶಾಂತೌ, ಶಿಯಾಮೆನ್ ಎಂಬ ನಾಲ್ಕು ಸ್ಥಳಗಳಲ್ಲಿ ಮಾತ್ರ ವಿಶೇಷ ಆರ್ಥಿಕ ವಲಯಗಳನ್ನು ತೆರೆದು ವಿದೇಶಿ ಬಂಡವಾಳಕ್ಕೆ ಅವಕಾಶ ಕೊಡಲಾಯಿತು. ಫಲಿತಾಂಶವನ್ನು ನೋಡಿಕೊಂಡು 1984ರಲ್ಲಿ ಇನ್ನೂ 14 ಕರಾವಳಿ ನಗರಗಳನ್ನು ತೆರೆದರು. ಹಾಂಗ್‌ಕಾಂಗ್‌ನ ಪಕ್ಕದಲ್ಲಿ ಹಳ್ಳಿಗಳ ಪ್ರದೇಶವಾಗಿದ್ದ ಶೆನ್‌ಜೆನ್‌ನ ಜನಸಂಖ್ಯೆ 2020ರ ಜನಗಣತಿಯ ವೇಳೆಗೆ 1 ಕೋಟಿ 75 ಲಕ್ಷ! ಬೆಲೆ ನಿಯಂತ್ರಣವನ್ನೂ ಅವರು ಒಂದೇ ಏಟಿಗೆ ಕಿತ್ತುಹಾಕಲಿಲ್ಲ. ಕಾರ್ಖಾನೆಯು ಗೊತ್ತುಪಡಿಸಿದ ಪ್ರಮಾಣವನ್ನು ಸರ್ಕಾರದ ದರಕ್ಕೆ ಕೊಡಬೇಕು, ಹೆಚ್ಚುವರಿಯನ್ನು ಮಾರುಕಟ್ಟೆ ದರಕ್ಕೆ ಮಾರಬಹುದು ಎಂಬ ಇಬ್ಬಗೆಯ ವ್ಯವಸ್ಥೆ ಹಲವು ವರ್ಷ ನಡೆಯಿತು. ನದಿಯನ್ನು ದಾಟುವಾಗ ಕಾಲಡಿಯ ಕಲ್ಲನ್ನು ತಡವಿ ನೋಡುತ್ತ ಹೆಜ್ಜೆ ಇಡಬೇಕೆಂಬ ಚೀನೀ ನಾಣ್ಣುಡಿ ಆ ಕಾಲದಲ್ಲಿ ಎಲ್ಲರ ಬಾಯಲ್ಲಿತ್ತು.

ಇಲ್ಲಿ ಇನ್ನೊಂದು ಸಂಗತಿಯನ್ನು ಮರೆಯಬಾರದು. ಕಾರ್ಖಾನೆಗಳು ಬಂದಾಗ ಅಲ್ಲಿ ದುಡಿಯಲು ಓದು ಬರಹ ಬಲ್ಲ, ಆರೋಗ್ಯವಂತ ಯುವಜನ ಸಿದ್ಧರಿದ್ದರು. 1982ರ ವೇಳೆಗೆ ಚೀನಾದ ವಯಸ್ಕರಲ್ಲಿ ಮೂರನೇ ಎರಡರಷ್ಟು ಮಂದಿ ಸಾಕ್ಷರರಾಗಿದ್ದರು; 1981ರಲ್ಲಿ ಭಾರತದ ಸಾಕ್ಷರತೆ ಶೇಕಡ 44ರ ಆಸುಪಾಸಿನಲ್ಲಿತ್ತು. ಹಳ್ಳಿಶಾಲೆಗಳ ಮತ್ತು ‘ಬರಿಗಾಲ ವೈದ್ಯ’ರೆಂದು ಹೆಸರಾದ ಗ್ರಾಮೀಣ ಆರೋಗ್ಯ ಕಾರ್ಯಕರ್ತರ ದುಡಿಮೆ ಸುಧಾರಣೆಗೆ ಮುಂಚೆಯೇ ತಳಪಾಯ ಹಾಕಿತ್ತು.

2001ರಲ್ಲಿ ವಿಶ್ವ ವ್ಯಾಪಾರ ಸಂಸ್ಥೆಯ ಸದಸ್ಯತ್ವ ದೊರೆತ ಮೇಲೆ ಚೀನಾದ ರಫ್ತು ನಾಗಾಲೋಟದಲ್ಲಿ ಬೆಳೆಯಿತು. 2010ರಲ್ಲಿ ಅದು ಜಪಾನನ್ನು ಹಿಂದಿಕ್ಕಿ ಪ್ರಪಂಚದ ಎರಡನೆಯ ದೊಡ್ಡ ಅರ್ಥವ್ಯವಸ್ಥೆಯಾಯಿತು. ನಾಲ್ಕು ದಶಕಗಳಲ್ಲಿ ಸುಮಾರು 80 ಕೋಟಿ ಜನ ಕಡುಬಡತನದಿಂದ ಹೊರಬಂದರೆಂಬುದು ವಿಶ್ವಬ್ಯಾಂಕಿನ ಲೆಕ್ಕ. ಮಾನವ ಇತಿಹಾಸದಲ್ಲಿ ಇಷ್ಟು ಜನ ಇಷ್ಟು ಬೇಗ ಬಡತನವನ್ನು ದಾಟಿದ ಉದಾಹರಣೆ ಬೇರೆ ಇಲ್ಲ.

ಹಾಗಾದರೆ ಈ ಏಳಿಗೆಯ ಬೆಲೆ ತೆತ್ತವರು ಯಾರು? ‘ಹುಕೌ’ ಎಂಬ ವಾಸ್ತವ್ಯ ನೋಂದಣಿ ಪದ್ಧತಿ ಅಲ್ಲಿ 1958ರಿಂದ ಜಾರಿಗೆ ಬಂತು. ಹಳ್ಳಿಯಲ್ಲಿ ನೋಂದಾಯಿತನಾದವನು ನಗರದಲ್ಲಿ ದುಡಿದರೂ ನಗರವಾಸಿಯ ಸವಲತ್ತುಗಳು ಅವನಿಗೆ ಸುಲಭವಾಗಿ ಸಿಗುತ್ತಿರಲಿಲ್ಲ. ನಮ್ಮ ಮನೆಗಳಿಗೆ ಬಂದ ಅಗ್ಗದ ಆಟಿಕೆ, ದೀಪ, ದೂರವಾಣಿಗಳನ್ನು ಜೋಡಿಸಿದ ಎಷ್ಟೋ ತಾಯಂದಿರು ತಮ್ಮ ಮಕ್ಕಳನ್ನು ಊರಿನಲ್ಲಿ ಅಜ್ಜ ಅಜ್ಜಿಯರ ಬಳಿ ಬಿಟ್ಟು ಬಂದವರು. ನಗರಗಳ ಗಾಳಿ ಎಷ್ಟು ಕೆಟ್ಟಿತೆಂದರೆ, 2014ರಲ್ಲಿ ಪ್ರಧಾನಿ ಲಿ ಕೆಚಿಯಾಂಗ್ ಮಾಲಿನ್ಯದ ವಿರುದ್ಧ ಸಮರವನ್ನೇ ಸಾರಬೇಕಾಯಿತು. ರಾಜಕೀಯ ಸ್ವಾತಂತ್ರ್ಯ ಕೇಳಿದ ವಿದ್ಯಾರ್ಥಿಗಳ ಚಳವಳಿಯನ್ನು 1989ರ ಜೂನ್‌ನಲ್ಲಿ ಬೀಜಿಂಗ್‌ನಲ್ಲಿ ಸೇನೆ ಹತ್ತಿಕ್ಕಿದ್ದನ್ನೂ ಇತಿಹಾಸ ಮರೆತಿಲ್ಲ.

ಸಣ್ಣ ಪ್ರಯೋಗದ ನಿಯಮವನ್ನು ಬಿಟ್ಟಾಗ ಏನಾಯಿತೆಂಬುದಕ್ಕೆ ಸುಧಾರಣೆಯ ಕಾಲದಲ್ಲಿಯೂ ಒಂದು ನಿದರ್ಶನವಿದೆ. ಕ್ಷಿಪಣಿ ವಿಜ್ಞಾನಿ ಸಾಂಗ್ ಜಿಯಾನ್ ಮತ್ತು ಅವರ ಸಂಗಡಿಗರ ಗಣಿತದ ಲೆಕ್ಕಾಚಾರದಿಂದ ಬಲ ಪಡೆದ ‘ಒಂದೇ ಮಗು’ ನೀತಿ 1980ರಿಂದ ದೇಶದ ಮೇಲೆ ಬಿತ್ತು. ಗ್ರಾಮೀಣ ಪ್ರದೇಶಗಳಲ್ಲಿ ಕೆಲವು ರಿಯಾಯಿತಿಗಳು ಬಂದರೂ ನೀತಿ 2015ರವರೆಗೆ ಉಳಿಯಿತು. ಸಮೀಕರಣದಲ್ಲಿ ಸರಿಯಾಗಿ ಕಂಡದ್ದು ಸಂಸಾರಗಳಲ್ಲಿ ಅಪಾರ ನೋವನ್ನು ತಂದಿತು. 2022ರಲ್ಲಿ ಚೀನಾದ ಜನಸಂಖ್ಯೆ ಇಳಿಮುಖವಾಯಿತು. ವೃದ್ಧರ ಪ್ರಮಾಣ ಏರತೊಡಗಿತು. ವಿಜ್ಞಾನ ಓದುವ ನೀವು ಈ ಉದಾಹರಣೆಯನ್ನು ವಿಶೇಷವಾಗಿ ನೆನಪಿಡಬೇಕು.

ಇದೆಲ್ಲ ದೂರದ ಸಂಗತಿಯೆಂದು ಭಾವಿಸಬೇಡಿ. ರೇಷ್ಮೆ ಉತ್ಪಾದನೆಯಲ್ಲಿ ಜಗತ್ತಿನಲ್ಲಿ ಚೀನಾ ಮೊದಲನೆಯದು, ಭಾರತ ಎರಡನೆಯದು. ಭಾರತದಲ್ಲಿ ಕರ್ನಾಟಕ ಮುಂಚೂಣಿಯಲ್ಲಿದೆ. ಚೀನಾದ ಅಗ್ಗದ ಕಚ್ಚಾ ರೇಷ್ಮೆ ಹರಿದುಬಂದಾಗ ರಾಮನಗರದ ಗೂಡಿನ ಮಾರುಕಟ್ಟೆಯವರೆಗೂ ಅದರ ಬಿಸಿ ತಟ್ಟಿದೆ. 2003ರಲ್ಲಿ ಭಾರತ ಸರ್ಕಾರ ಆ ರೇಷ್ಮೆಯ ಮೇಲೆ ಸುರಿವಿಕೆ ತಡೆ ಸುಂಕವನ್ನು ವಿಧಿಸಿತ್ತು.

1990ರಲ್ಲಿ ಡಾಲರ್ ಲೆಕ್ಕದಲ್ಲಿ ಭಾರತದ ತಲಾ ಉತ್ಪನ್ನ ಚೀನಾದ್ದಕ್ಕಿಂತ ತುಸು ಹೆಚ್ಚಾಗಿತ್ತು. 2023ರ ವೇಳೆಗೆ ಅವರದು ನಮ್ಮದರ ಐದು ಪಟ್ಟಾಗಿತ್ತು. ಈ ಅಂತರಕ್ಕೆ ಅಲ್ಲಿನ ಕಠಿಣ ಆಳ್ವಿಕೆಯೇ ಕಾರಣವೆಂದು ಹೇಳುವವರಿದ್ದಾರೆ. ಆದರೆ ಕಠಿಣ ಆಳ್ವಿಕೆ 1958ರಲ್ಲಿಯೂ ಇತ್ತು. ಫಲ ಮಾತ್ರ ಕ್ಷಾಮ. ಸಣ್ಣದಾಗಿ ಪರೀಕ್ಷಿಸಿ, ನಿಜವಾದ ಲೆಕ್ಕವನ್ನು ಕೇಳಿಸಿಕೊಂಡಾಗ ದೇಶ ಮುಂದೆ ಹೋಯಿತು. ಸತ್ಯವನ್ನು ಹೇಳಲು ಸ್ವತಂತ್ರ ಪತ್ರಿಕೆ, ಶಾಸನಸಭೆ, ನ್ಯಾಯಾಲಯಗಳಿರುವ ನಮಗೆ ಈ ಕೆಲಸ ಇನ್ನೂ ಸುಲಭವಾಗಬೇಕು.

ಈ ವಾರ ಒಂದು ಕೆಲಸ ಮಾಡಿ. ವಿಶ್ವಬ್ಯಾಂಕಿನ ಅಂಕಿಗಳನ್ನು ಹುಡುಕಿ, 1960ರಿಂದ ಎರಡೂ ದೇಶಗಳ ತಲಾ ಉತ್ಪನ್ನವನ್ನು ಒಂದೇ ಗ್ರಾಫ್ ಹಾಳೆಯ ಮೇಲೆ ಬಿಡಿಸಿ. 1978, 1991, 2001 ಈ ವರ್ಷಗಳನ್ನು ಗುರುತಿಸಿ. ಎರಡು ಗೆರೆಗಳು ಎಲ್ಲಿ ಬೇರ್ಪಟ್ಟವು, ಏಕೆ ಬೇರ್ಪಟ್ಟವು ಎಂದು ತರಗತಿಯಲ್ಲಿ ಗೆಳೆಯರೊಡನೆ, ಅಧ್ಯಾಪಕರೊಡನೆ ಚರ್ಚಿಸಿ.