ಎರಡನೇ ತರಗತಿಯ ಗೋಡೆಯ ಮೇಲಿನ ಮಳೆಲೆಕ್ಕ

(ಮಲೆನಾಡಿನ ಶಾಲಾಭಿವೃದ್ಧಿ ಸಮಿತಿಗಳ ಸದಸ್ಯರು ಹಾಗೂ ವಿದ್ಯಾರ್ಥಿಗಳ ಸಭೆಯಲ್ಲಿ ನೀಡಿದ ಉಪನ್ಯಾಸದ ಬರಹರೂಪ)



ಮಾರ್ಚ್ ತಿಂಗಳು ಬಂತೆಂದರೆ ಸರ್ಕಾರಿ ಪ್ರಾಥಮಿಕ ಶಾಲೆಗಳಲ್ಲಿ ಎರಡು ಕೆಲಸಗಳು ಒಟ್ಟಿಗೆ ನಡೆಯುತ್ತವೆ. ಒಂದು, ವರ್ಷದ ಕಲಿಕೆಯನ್ನು ಒರೆಗೆ ಹಚ್ಚುವುದು. ಎರಡನೇ ತರಗತಿಯ ಮಗು ಸರಳ ವಾಕ್ಯಗಳನ್ನು ಓದಬಲ್ಲುದೆ, ಎರಡಂಕಿಯ ಸಂಖ್ಯೆಗಳನ್ನು ಕೂಡಬಲ್ಲುದೆ ಎಂಬುದನ್ನು ಶಿಕ್ಷಕರು ಪ್ರಗತಿನೋಟದಲ್ಲಿ ದಾಖಲಿಸುತ್ತಾರೆ. ಇನ್ನೊಂದು, ಕೊಠಡಿಯನ್ನು ಚೊಕ್ಕಟಗೊಳಿಸುವುದು. ಚಪ್ಪರದಿಂದ ತೂಗುತ್ತಿದ್ದ ಚಿತ್ರಗಳೂ ಗೋಡೆಯ ಹಾಳೆಗಳೂ ರದ್ದಿ ಸೇರುತ್ತವೆ. ಮೊದಲನೆಯ ಕೆಲಸಕ್ಕೆ ಬೇಕಾದ ಅತ್ಯುತ್ತಮ ಸಾಮಗ್ರಿಯೊಂದು ಎರಡನೆಯ ಕೆಲಸದಲ್ಲಿ ಕಳೆದುಹೋಗುತ್ತಿದೆ. ಅದು ಹವಾಮಾನ ನಕ್ಷೆ.

ರಿಷಿ ವ್ಯಾಲಿಯ ಗ್ರಾಮೀಣ ಶಾಲೆಗಳ ಅನುಭವದಿಂದ ಪ್ರೇರಣೆ ಪಡೆದು 1995ರಲ್ಲಿ ಹೆಗ್ಗಡದೇವನಕೋಟೆ ತಾಲ್ಲೂಕಿನಲ್ಲಿ ಆರಂಭವಾದ ನಲಿ-ಕಲಿ ಪದ್ಧತಿಯು 2009-10ರಿಂದ ರಾಜ್ಯದ ಸರ್ಕಾರಿ ಶಾಲೆಗಳಿಗೆ ವಿಸ್ತರಿಸಿತು. ಅದರ ಕಾರ್ಡುಗಳು, ಕಲಿಕಾ ಏಣಿ, ತಟ್ಟೆಗಳ ಕುರಿತು ಸಾಕಷ್ಟು ಚರ್ಚೆಯಾಗಿದೆ. ಹವಾಮಾನ ನಕ್ಷೆಯನ್ನು ಮಾತ್ರ ಯಾರೂ ಗಂಭೀರವಾಗಿ ಪರಿಗಣಿಸಿದಂತಿಲ್ಲ. ಬೆಳಿಗ್ಗೆ ಮಗುವೊಂದು ಎದ್ದು ಹೊರಗೆ ನೋಡಿ, ಆ ದಿನದ ಚೌಕದಲ್ಲಿ ಸೂರ್ಯನನ್ನೋ ಮೋಡವನ್ನೋ ಮಳೆಯ ಗೆರೆಗಳನ್ನೋ ಬರೆಯುತ್ತದೆ. ತಿಂಗಳು ಮುಗಿದೊಡನೆ ಹಾಳೆ ಬದಲಾಗುತ್ತದೆ, ಇಲ್ಲವೇ ಗೋಡೆಯ ಚೌಕಗಳನ್ನು ಒರೆಸಲಾಗುತ್ತದೆ.

ಆ ಹಾಳೆಗಳನ್ನು ಜೂನ್‌ನಿಂದ ಮಾರ್ಚ್‌ವರೆಗೆ ಕೂಡಿಟ್ಟರೆ ವರ್ಷಾಂತ್ಯದ ಮೂರು ವಾರಗಳ ಪಾಠ ಸಿದ್ಧವಾಯಿತು. ಒಂದು ಮಳೆದಿನಕ್ಕೆ ಒಂದು ಕಡ್ಡಿ, ಹತ್ತು ಕಡ್ಡಿಗೆ ಒಂದು ಕಟ್ಟು. ಜೂನ್‌ನ ಕಟ್ಟುಗಳಿಗೆ ಜುಲೈನವನ್ನು ಸೇರಿಸುವುದೇ ಎರಡಂಕಿಯ ಸಂಕಲನ. ಘಟ್ಟದಂಚಿನ ಶಾಲೆಗಳಲ್ಲಿ ಒಟ್ಟು ಲೆಕ್ಕ ತೊಂಬತ್ತೊಂಬತ್ತನ್ನೂ ದಾಟೀತು. ಆಗ ಹತ್ತು ಕಟ್ಟುಗಳನ್ನು ಒಂದೇ ಹೊರೆಯಾಗಿ ಕಟ್ಟಬೇಕಾಗುತ್ತದೆ. ನೂರು ಎಂಬ ಸಂಖ್ಯೆ ಆ ಮಗುವಿಗೆ ಪುಸ್ತಕದಿಂದಲ್ಲ, ಮಳೆಯಿಂದ ದೊರೆಯುತ್ತದೆ. ಅಜ್ಜಯ್ಯನನ್ನು ಕೇಳಿ ಆರಿದ್ರಾ, ಪುನರ್ವಸು, ಪುಷ್ಯ, ಆಶ್ಲೇಷ ಎಂದು ಮಳೆನಕ್ಷತ್ರಗಳ ಹೆಸರನ್ನು ಆಯಾ ದಿನಗಳ ಕೆಳಗೆ ಬರೆಸಿದರೆ ಭಾಷೆಯ ಪಾಠವೂ ಆದಂತೆ.

ಈ ನಕ್ಷೆಯಲ್ಲಿ ಖಾಲಿ ಚೌಕಗಳೂ ಇರುತ್ತವೆ. ವಿಜ್ಞಾನದ ದೃಷ್ಟಿಯಿಂದ ಅತ್ಯಂತ ಮುಖ್ಯವಾದವು ಅವೇ. ಭಾನುವಾರ, ದಸರಾ ರಜೆಗಳದ್ದು ಸರಿ. ಆದರೆ ಮಲೆನಾಡಿನಲ್ಲಿ ಮಳೆ ವಿಪರೀತವಾದಾಗ ಜಿಲ್ಲಾಡಳಿತವು ಶಾಲೆಗೆ ರಜೆ ಸಾರುತ್ತದೆ. 2018ರ ಆಗಸ್ಟ್‌ನಲ್ಲಿ ಕೊಡಗಿನ ಗುಡ್ಡಗಳೂ 2019ರ ಆಗಸ್ಟ್‌ನಲ್ಲಿ ಮೂಡಿಗೆರೆ ಸೀಮೆಯ ಗುಡ್ಡಗಳೂ ಕುಸಿದಾಗ ಅಲ್ಲಿ ಮಕ್ಕಳು ಮನೆಯಲ್ಲಿದ್ದರು. ಅತಿ ಹೆಚ್ಚು ಸುರಿದ ದಿನವೇ ನಕ್ಷೆಯಲ್ಲಿ ಬರಿದು! ಕಡ್ಡಿ ಎಣಿಸುವಾಗ ಈ ಚೌಕಕ್ಕೇನು ಮಾಡುವುದೆಂದು ಮಗು ಕೇಳಿಯೇ ಕೇಳುತ್ತದೆ. ಮನೆಯವರಿಗೆ ನೆನಪಿದ್ದರೆ ಬೇರೆ ಬಣ್ಣದಲ್ಲಿ ಬರೆಯಲಿ. ಇಲ್ಲವಾದರೆ ಖಾಲಿಯಾಗಿಯೇ ಉಳಿಯಲಿ. ಚೆಂದ ಕಾಣಲೆಂದು ಊಹಿಸಿ ತುಂಬಿಸುವುದು ಬೇಡ. ತಿಳಿಯದುದನ್ನು ಬರಿದಾಗಿ ಬಿಡುವ ಶಿಸ್ತು ಸಂಶೋಧನಾ ವಿದ್ಯಾರ್ಥಿಗಳಲ್ಲೂ ಅಪರೂಪವಾಗುತ್ತಿರುವಾಗ ಏಳು ವರ್ಷದ ಮಗುವಿಗೆ ಅದು ದಕ್ಕಿದರೆ ಲಾಭವೇ.

ಇದರಿಂದ ರೈತನಿಗೇನು ಪ್ರಯೋಜನ? ಹವಾಮಾನ ಇಲಾಖೆಯು 24 ಗಂಟೆಗಳಲ್ಲಿ 2.5 ಮಿಲಿಮೀಟರ್ ಅಥವಾ ಅದಕ್ಕಿಂತ ಹೆಚ್ಚು ಮಳೆಯಾದ ದಿನವನ್ನು ಮಳೆದಿನವೆಂದು ಎಣಿಸುತ್ತದೆ. ಮಕ್ಕಳ ಲೆಕ್ಕ ಅಷ್ಟು ನಿಖರವಲ್ಲ. ಆದರೂ ಬಿಸಿಲಿನ ಬಿಡುವು ಎಷ್ಟು ದಿನವಿತ್ತು ಎಂಬುದನ್ನು ಅದು ಹೇಳುತ್ತದೆ. ಅಡಿಕೆಯ ಕೊಳೆರೋಗಕ್ಕೆ ಶೇಕಡಾ 1ರ ಬೋರ್ಡೋ ದ್ರಾವಣವನ್ನು ಮುಂಗಾರಿಗೆ ಮೊದಲು ಒಮ್ಮೆ, 40-45 ದಿನಗಳ ನಂತರ ಮತ್ತೊಮ್ಮೆ ಸಿಂಪಡಿಸಬೇಕು. ಎರಡನೆಯ ಸುತ್ತಿಗೆ ಬಿಡುವು ಸಿಗುವುದೇ ಕಷ್ಟ. ಐದಾರು ವರ್ಷಗಳ ನಕ್ಷೆಗಳಿದ್ದರೆ ಜುಲೈ ಕೊನೆಯಲ್ಲಿ ಆ ಊರಿಗೆ ಎಂಥ ಬಿಡುವು ಸಿಕ್ಕಿತ್ತೆಂದು ನೋಡಬಹುದು. 2023ರ ಆಗಸ್ಟ್, 1901ರಿಂದೀಚೆಗೆ ದೇಶವು ಕಂಡ ಅತ್ಯಂತ ಒಣ ಆಗಸ್ಟ್. ಆ ತಿಂಗಳ ನಕ್ಷೆಯನ್ನು ಉಳಿಸಿಕೊಂಡ ಶಾಲೆಗಳೆಷ್ಟು?

ತಾಲ್ಲೂಕು ಕೇಂದ್ರದ ಮಳೆಮಾಪಕ ಸಾಲದೆ ಎಂದು ಕೇಳಬಹುದು. ಆಗುಂಬೆಯ ವಾರ್ಷಿಕ ಸರಾಸರಿ ಮಳೆ 7,000 ಮಿಲಿಮೀಟರನ್ನು ಮೀರುತ್ತದೆ. ಮೂವತ್ತು ಚಿಲ್ಲರೆ ಕಿಲೋಮೀಟರ್ ದೂರದ ತೀರ್ಥಹಳ್ಳಿಯದು ಅದಕ್ಕಿಂತ ಬಹಳ ಕಡಿಮೆ. ಘಟ್ಟದಲ್ಲಿ ಒಂದು ಗುಡ್ಡದ ಲೆಕ್ಕ ಇನ್ನೊಂದಕ್ಕೆ ಹೊಂದುವುದಿಲ್ಲ. ದೊಡ್ಡ ಕಾಫಿ ತೋಟಗಳು ಇಂಚು, ಸೆಂಟುಗಳಲ್ಲಿ ಬರೆದಿಟ್ಟ ದಫ್ತರಗಳು ತೋಟದ ಕಚೇರಿಯಲ್ಲೇ ಉಳಿಯುತ್ತವೆ. ಸಣ್ಣ ಹಿಡುವಳಿದಾರನಿಗೆ ಹತ್ತಿರವಿರುವುದು ಊರಿನ ಶಾಲೆ. ಹತ್ತು ಮಕ್ಕಳೂ ಇಲ್ಲವೆಂದು ಅದನ್ನು ಹೋಬಳಿಯ ಶಾಲೆಯೊಂದಿಗೆ ವಿಲೀನಗೊಳಿಸುವ ಮಾತು ಬಂದಾಗ, ಆ ಕಣಿವೆಯ ಆಕಾಶವನ್ನು ನಿತ್ಯ ನೋಡಿ ಬರೆಯುವ ಏಕೈಕ ಸ್ಥಳವೂ ಮುಚ್ಚುತ್ತದೆಂಬುದನ್ನು ಸಮಿತಿಯವರು ಅರ್ಜಿಯಲ್ಲಿ ಬರೆಯಬೇಕು. ಹಾಗೆ ಬರೆಯಬೇಕಾದರೆ ನಕ್ಷೆಗಳು ಕೈಯಲ್ಲಿರಬೇಕು.

ಏಪ್ರಿಲ್, ಮೇ ತಿಂಗಳುಗಳಲ್ಲಿ ಶಾಲೆಯಿಲ್ಲ. ಅಡ್ಡಮಳೆ, ಗುಡುಗು, ಕೆಲವೆಡೆ ಕಾಫಿಯ ಹೂಮಳೆ ಬರುವುದು ಆಗಲೇ. ರಜೆಗೆ ಹೊರಡುವ ದಿನ ಪ್ರತಿ ಮಗುವಿಗೂ ಎರಡು ತಿಂಗಳ ಖಾಲಿ ನಕ್ಷೆ ಕೊಟ್ಟು ಕಳುಹಿಸಬಹುದು. ಮನೆಯ ಕ್ಯಾಲೆಂಡರಿನಲ್ಲಿ ಗುರುತು ಹಾಕಿದರೂ ನಡೆದೀತು. ಜೂನ್‌ನಲ್ಲಿ ಆ ಮಕ್ಕಳು ಮೂರನೇ ತರಗತಿಗೆ ಬಂದು ಕುಳಿತಾಗ ಮೊದಲು ಕೇಳಬೇಕಾದುದು ಆ ಎರಡು ಹಾಳೆಗಳನ್ನು.